"ಅಪ್ಪ ಮನೇಲಿಲ್ಲ ಅಂತ ಹೇಳು" ಅಂದರೆ ಮಗು ಏನು ಮಾಡಬೇಕು?

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಮೌಲ್ಯ ಶಿಕ್ಷಣದ ಪೀರಿಯಡ್ ಕೂಡ ನನ್ನ ಪಾಲಿಗೇ ಬಂದಿದೆ. "ಸುಳ್ಳು ಹೇಳಬಹುದಾ?" ಅಂತ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ "ಹೇಳಬಾರ್ದು ಮೇಡಂ" ಅನ್ನುತ್ತದೆ. ಬೆಲ್ ಹೊಡೆದ ಮೇಲೆ ಎಲ್ಲಾ ಮೊದಲಿನ ಹಾಗೇ. ಮಕ್ಕಳು ಸರಿ-ತಪ್ಪಿನ ಬಗ್ಗೆ ನಿಜವಾಗಿ ಯೋಚಿಸಬೇಕು, ಮಾತಾಡಬೇಕು ಅಂತ ನನ್ನ ಆಸೆ. ಊರಿನವರೂ ಸೇರಿದರೆ ಇನ್ನೂ ಒಳ್ಳೇದು. ಆದರೆ ನಮ್ಮೂರು ಸಣ್ಣದು. ಏನು ಮಾತಾಡಿದರೂ ಯಾರದೋ ಮನೆಗೆ ಹೋಗಿ ತಗುಲುತ್ತದೆ. ಜಗಳ ಆದರೆ ಏನು ಮಾಡಲಿ? ಜೊತೆಗೆ ನಮ್ಮ ಮುಖ್ಯ ಶಿಕ್ಷಕರು "ಮೊದ್ಲು ಸಿಲಬಸ್ ಮುಗಿಸಿ ಮೇಡಂ" ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, "ಹೇಳಬಾರ್ದು" ಅಂದ ನಿಮ್ಮ ಮಕ್ಕಳು ತಪ್ಪೇನೂ ಮಾಡಿಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮಗೆ ಮೊದಲೇ ಗೊತ್ತಿತ್ತು. ನಿಮಗೆ ಗೊತ್ತಿದೆ ಅನ್ನೋದು ಅವರಿಗೂ ಗೊತ್ತಿತ್ತು. ಹಾಗಾಗಿ ಅವರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ಟರು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಶಾಲೆಗಳಲ್ಲಿ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ನಾನು ಕಲಿತದ್ದು ಮುಖ್ಯವಾಗಿ ಒಂದೇ. ಉತ್ತರ ಜೇಬಿನಲ್ಲಿಟ್ಟುಕೊಂಡು ಕೇಳುವ ಪ್ರಶ್ನೆಯಿಂದ ಚರ್ಚೆ ಹುಟ್ಟುವುದಿಲ್ಲ. ಕೇಳುವವರಿಗೂ ಒಳಗೆ ಒಂದು ಚೂರು ಗೊಂದಲ ಇರಬೇಕು. ಅದು ನಿಮ್ಮ ಮುಖದಲ್ಲಿ ಕಂಡ ಕ್ಷಣವೇ ಮಕ್ಕಳು ಬಾಯಿ ಬಿಡುತ್ತಾರೆ.

ಅಂಥ ಪ್ರಶ್ನೆ ಹುಡುಕಿಕೊಂಡು ನೀವು ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಬಂಡೆಯ ಮೇಲೇ ಇದೆ. ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿ ಶಾಸನ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ನಾವು ಪರೀಕ್ಷೆಗೆ ಕಲಿಸುವುದು ಅಶೋಕನದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ ಅನ್ನುವಷ್ಟು. ಒಳಗೆ ಏನು ಬರೆದಿದೆ ಅಂತ ಮಕ್ಕಳಿಗೆ ಓದಿ ಹೇಳುವವರು ಕಡಿಮೆ. ಅಶೋಕನ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಈ ಭಾಗದ ಅಧಿಕಾರಿಗಳಿಗೆ, ಕಳಿಸಿದ ಮಾತು ಅದು. ಮೊದಲು ಆರೋಗ್ಯ ವಿಚಾರಿಸುತ್ತದೆ, ನಾವು ಕಾಗದ ಬರೆಯುತ್ತಿದ್ದ ಹಾಗೇ. ಮುಂದೆ ಹೋಗುತ್ತಾ ಹೇಳುತ್ತದೆ: ತಾಯಿತಂದೆಯ ಮಾತು ಕೇಳಬೇಕು. ಗುರುಹಿರಿಯರ ಮಾತು ಕೇಳಬೇಕು. ಜೀವಿಗಳ ಮೇಲೆ ದಯೆ ಇರಬೇಕು. ಸತ್ಯ ಹೇಳಬೇಕು. ಶಿಷ್ಯ ಗುರುವಿಗೆ ಗೌರವ ಕೊಡಬೇಕು. ಕೊನೆಯಲ್ಲಿ ಬರೆದವನ ಹೆಸರು ಚಪಡ. 'ಲಿಪಿಕಾರ' ಅನ್ನುವ ಒಂದು ಪದವನ್ನು ಮಾತ್ರ ಅವನು ಭಾರತದ ವಾಯವ್ಯ ಭಾಗದಲ್ಲಿ ಬಳಸುತ್ತಿದ್ದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎಷ್ಟು ದೂರದಿಂದ ಬಂದಿದ್ದನೋ ಅಂತ ಮಕ್ಕಳು ಬೆರಗಾಗುತ್ತಾರೆ.

ಇದನ್ನು ಓದಿಸಿ "ನೋಡಿ, ಎಷ್ಟು ಒಳ್ಳೆಯ ಮಾತು" ಅಂದು ಮುಗಿಸಿದರೆ ಮತ್ತೆ ಮಗ್ಗಿಯೇ. ನಾನು ಹೀಗೆ ಮಾಡುತ್ತೇನೆ. ಎರಡು ಸಾಲು ಮಾತ್ರ ಬೋರ್ಡ್ ಮೇಲೆ ಬರೆಯುತ್ತೇನೆ. 'ತಾಯಿತಂದೆಯ ಮಾತು ಕೇಳಬೇಕು.' ಅದರ ಕೆಳಗೆ 'ಸತ್ಯ ಹೇಳಬೇಕು.' ಆಮೇಲೆ ಒಂದು ಕಥೆ. ಒಂದೂರಲ್ಲಿ ಒಬ್ಬ ಹುಡುಗ. ಬಾಗಿಲಲ್ಲಿ ಸಾಲ ಕೊಟ್ಟವರ ಬೈಕ್ ನಿಂತ ಸದ್ದು. ಅಪ್ಪ ಒಳಗಿಂದ ಮೆಲ್ಲಗೆ ಹೇಳುತ್ತಾನೆ, "ಅಪ್ಪ ಮನೇಲಿಲ್ಲ ಅಂತ ಹೇಳು." ಆ ಹುಡುಗ ಏನು ಮಾಡಬೇಕು? ಬಂಡೆಯ ಮೇಲಿನ ಯಾವ ಸಾಲು ಪಾಲಿಸಬೇಕು?

ಮೊದಲ ಸಲ ಇದನ್ನು ಕೇಳಿದ್ದು ಒಂಬತ್ತನೇ ತರಗತಿಯಲ್ಲಿ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನ ನನಗೂ ಕಷ್ಟವಾಯಿತು. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ "ಹೊರಗೆ ಹೋಗಿದಾನೆ ಅಂದ್ರೆ ಸುಳ್ಳು ಸಾರ್. ಈಗ ಸಿಗಲ್ಲ ಅಂದ್ರೆ ಸುಳ್ಳಲ್ಲ" ಅಂದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಸುಳ್ಳು ಹೇಳಿದ್ದು ಹುಡುಗ ಅಲ್ಲ ಸಾರ್. ಹೇಳ್ಸಿದ್ದು ಅಪ್ಪ. ಪಾಪ ಯಾರಿಗೆ ಬರುತ್ತೆ?" ಇನ್ನೊಬ್ಬ, "ಅಪ್ಪ ಸುಮ್ನೆ ಹೇಳ್ಸಿಲ್ಲ, ಮಾನ ಹೋಗುತ್ತೆ ಅಂತ ಹೇಳ್ಸಿದ" ಅಂದ. ಮತ್ತೊಬ್ಬಳು, "ಹಂಗಾದ್ರೆ ಸಾಲ ಕೊಟ್ಟೋರ ದುಡ್ಡು?" ನಲವತ್ತು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ನಾನು ಮಾತಾಡಿದ್ದು ಹೆಚ್ಚೆಂದರೆ ಹತ್ತು ವಾಕ್ಯ.

ಈ ಕಥೆ ಅವರಿಗೆ ದೂರದ್ದಲ್ಲ ಅನ್ನೋದೇ ಅದರ ಬಲ. ಸಾಲ ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂದರೆ ಆ ಬೈಕ್ ಸದ್ದು ಎಷ್ಟು ಮನೆಗಳ ಮಕ್ಕಳಿಗೆ ಗೊತ್ತಿರಬಹುದು ಯೋಚಿಸಿ. ಸತ್ಯದ ಬಗ್ಗೆ ನಾವು ಪಾಠ ಮಾಡುವಾಗ ಆ ಮಕ್ಕಳು ಒಳಗೊಳಗೇ ತಾವು ಕೆಟ್ಟವರು ಅಂದುಕೊಂಡು ಕೂತಿರುತ್ತಾರೆ. ಇದು ನನಗೆ ತುಂಬಾ ತಡವಾಗಿ ಹೊಳೆಯಿತು. ಅದಕ್ಕೇ ಕಥೆ ಯಾವಾಗಲೂ 'ಒಂದೂರಲ್ಲಿ ಒಬ್ಬ' ಅಂತಲೇ ಶುರುವಾಗಲಿ. ನಮ್ಮ ಅಜ್ಜಿಯರು ಹಾಗೆ ಶುರು ಮಾಡುತ್ತಿದ್ದದ್ದು ಸುಮ್ನೆ ಅಲ್ಲ. ಆ ಎರಡು ಪದದ ಹಿಂದೆ ಮಗು ಬಚ್ಚಿಟ್ಟುಕೊಂಡು ತನ್ನ ಮನೆಯ ಮಾತನ್ನೇ ಧೈರ್ಯವಾಗಿ ಆಡಬಹುದು. "ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ, ಕೈ ಎತ್ತಿ" ಅಂತ ಮಾತ್ರ ಯಾವತ್ತೂ ಕೇಳಬೇಡಿ.

ಈಗ ಆ ಮೌನದ ವಿಷಯ. ಅಮೆರಿಕದ ಮೇರಿ ಬಡ್ ರೋವ್ ಅನ್ನುವ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಅಷ್ಟೇ. ಮೂರು ಸೆಕೆಂಡ್ ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡುವವರ ಸಂಖ್ಯೆ ಹೆಚ್ಚುತ್ತದೆ. ಸರಿ-ತಪ್ಪಿನ ಪ್ರಶ್ನೆಗೆ ಮೂರೂ ಸಾಲದು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಬೇಕಾದರೆ ಎರಡು ಸಲ. ನಿಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಜಾಸ್ತಿ. ತಾಂಡಾದಿಂದ ಬರುವವರೂ ಇರುತ್ತಾರೆ. ಅವರು ಯೋಚಿಸಿ, ಕನ್ನಡಕ್ಕೆ ತಂದು, ಧೈರ್ಯ ಮಾಡಿ ಬಾಯಿ ಬಿಡುವಷ್ಟರಲ್ಲಿ ಮುಂದಿನ ಬೆಂಚಿನವನು ಉತ್ತರ ಮುಗಿಸಿರುತ್ತಾನೆ. ಅವರು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ತಿಳಿಸಲಿ. ಪುಸ್ತಕದ ಕನ್ನಡವೇ ಬೇಕು ಅಂತ ಹಟ ಮಾಡಬೇಡಿ.

ಮಾತು ಶುರುವಾದ ಮೇಲೆ ನಿಮ್ಮ ಕೈಯಲ್ಲಿ ಇರಬೇಕಾದದ್ದು ಮೂರು-ನಾಲ್ಕು ಸಣ್ಣ ಪ್ರಶ್ನೆ. "ಯಾಕೆ ಹಾಗನ್ನಿಸ್ತು?" "ಯಾವಾಗಲೂ ಹಾಗೇನಾ?" "ಅಪ್ಪ ಸಾಲ ಮಾಡಿದ್ದು ಆಸ್ಪತ್ರೆಗಾಗಿದ್ದರೆ? ಇಸ್ಪೀಟಿಗಾಗಿದ್ದರೆ?" ಈ ಕೊನೆಯದು ಬಹಳ ಕೆಲಸ ಮಾಡುತ್ತದೆ. ಕಥೆಯ ಒಂದೇ ಎಳೆ ಬದಲಿಸಿದಾಗ ಮಕ್ಕಳ ಅಭಿಪ್ರಾಯ ಬದಲಾಗುತ್ತದಾ, ಬದಲಾದರೆ ಯಾಕೆ ಅಂತ ಅವರೇ ಹುಡುಕುತ್ತಾರೆ. ನೀತಿ ಪಾಠಕ್ಕೂ ನೀತಿಯ ಯೋಚನೆಗೂ ಇರುವ ವ್ಯತ್ಯಾಸ ನನಗೆ ಅಲ್ಲೇ ಕಾಣುವುದು. ಇನ್ನೊಂದು ನಿಯಮವಿದೆ. ಯಾರಾದರೂ ಎದುರು ಮಾತಾಡಬೇಕಾದರೆ ಮೊದಲು ಆ ಕಡೆಯವರು ಹೇಳಿದ್ದನ್ನು ತಮ್ಮ ಬಾಯಲ್ಲಿ ಹೇಳಬೇಕು. ಆ ಕಡೆಯವರು "ಹೂಂ, ನಾನು ಹೇಳಿದ್ದು ಅದೇ" ಅನ್ನಬೇಕು. ಆಮೇಲೇ ತನ್ನ ಮಾತು. ಮಕ್ಕಳಿಗೆ ಇದು ಮೊದಲು ಬೇಜಾರು. ನಾಲ್ಕನೇ ವಾರದ ಹೊತ್ತಿಗೆ ಒಬ್ಬರನ್ನೊಬ್ಬರು ತಿದ್ದಲು ಶುರು ಮಾಡುತ್ತಾರೆ. "ಅವಳು ಹಂಗಂದಿಲ್ಲ ಕಣೋ" ಅಂತ.

ಕೊನೆಯಲ್ಲಿ ಕೈ ಎತ್ತಿಸಿ ವೋಟು ಮಾತ್ರ ಹಾಕಿಸಬೇಡಿ. "ಸರಿಯಾದ ಉತ್ತರ ಏನು ಮೇಡಂ?" ಅಂತ ಕೇಳಿಯೇ ಕೇಳುತ್ತಾರೆ. ನಿಮ್ಮ ಅನಿಸಿಕೆ ಇದ್ದರೆ ಹೇಳಿ, ಮುಚ್ಚಿಡಬೇಡಿ. ಆದರೆ ಕೊನೆಯಲ್ಲಿ ಹೇಳಿ, ಕಾರಣದ ಜೊತೆಗೆ ಹೇಳಿ, "ನನಗೂ ಇಲ್ಲಿ ಕಷ್ಟ ಅನ್ನಿಸುತ್ತೆ" ಅನ್ನುವ ಜಾಗವನ್ನೂ ತೋರಿಸಿ. ಹಾಗಂತ ಎಲ್ಲಾ ಉತ್ತರವೂ ಸರಿ ಅನ್ನುವ ಅರ್ಥ ಬರಬಾರದು. ಒಬ್ಬ ಮನುಷ್ಯನನ್ನು ಅವನ ಜಾತಿ ನೋಡಿ ದೂರ ಇಡಬಹುದಾ ಅನ್ನುವುದು ಚರ್ಚೆಯ ಪ್ರಶ್ನೆಯೇ ಅಲ್ಲ. ದೂರ ಇಡುವುದು ನಡೆಯುತ್ತಿರುವಾಗ ಎದುರಿಗಿರುವ ನಾವು ಏನು ಮಾಡಬೇಕು ಅನ್ನುವುದು ಚರ್ಚೆಯ ಪ್ರಶ್ನೆ.

ನಿಮಗೂ ಕಷ್ಟವಾಗುವ ಪ್ರಶ್ನೆ ಅಂದೆ. ಒಂದು ಉದಾಹರಣೆ ಕೊಡುತ್ತೇನೆ, ನೇರವಾಗಿ ನಮ್ಮ ಶಿಕ್ಷಕರ ಎದೆಗೇ ಬರುವಂಥದ್ದು. 2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು ಬಂತು, ಶೇ 96.80. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದವು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಚಿತ್ರದುರ್ಗದ ಮೊದಲ ಸ್ಥಾನವೂ ಹೋಯಿತು. ಇಳಿದದ್ದಕ್ಕೆ ಕಾರಣ ಹಲವು ಇರಬಹುದು. ಯಾವ ಶಾಲೆಯ ಕಡೆಗೂ ಬೆರಳು ತೋರಿಸಬೇಡಿ, ಅದು ನಮ್ಮ ಕೆಲಸವಲ್ಲ. ಆದರೆ ಹತ್ತನೇ ತರಗತಿಯ ಮಕ್ಕಳಿಗೆ ಈ ಅಂಕಿಗಳು ಸ್ವಂತದ್ದು. ಅವರ ಅಕ್ಕ ಅಣ್ಣಂದಿರ ಕಥೆ. ಕೇಳಿ ನೋಡಿ: ಒಂದೂರಲ್ಲಿ ಒಬ್ಬರು ಮೇಡಂ. ಪರೀಕ್ಷೆ ನಡೆಯುತ್ತಿದೆ. ಎದುರಿಗೆ ಒಬ್ಬ ಹುಡುಗಿ. ಪಾಸಾಗದಿದ್ದರೆ ಮೇ ತಿಂಗಳಲ್ಲಿ ಮದುವೆ ಮಾಡಿಬಿಡುತ್ತಾರೆ ಅಂತ ಮೇಡಂಗೆ ಗೊತ್ತು. ಒಂದು ಉತ್ತರ ತೋರಿಸಿಕೊಟ್ಟರೆ ಆ ಹುಡುಗಿ ಪಾರಾಗುತ್ತಾಳೆ. ತೋರಿಸಬೇಕಾ?

ನನಗೆ ಇದಕ್ಕೆ ಸುಲಭದ ಉತ್ತರ ಇಲ್ಲ. ತೋರಿಸಬಾರದು ಅಂತಲೇ ನನ್ನ ನಿಲುವು. ಪಕ್ಕದ ಬೆಂಚಿನಲ್ಲಿ ರಾತ್ರಿಯೆಲ್ಲಾ ಓದಿ ಬಂದ ಇನ್ನೊಬ್ಬ ಹುಡುಗಿ ಕೂತಿದ್ದಾಳೆ, ಅವಳ ಮನೆಯ ಕಥೆ ನಮಗೆ ಗೊತ್ತಿಲ್ಲ ಅಷ್ಟೇ. ಆದರೂ ಹೇಳುವಾಗ ಗಂಟಲು ಕಟ್ಟುತ್ತದೆ. ಒಂದು ಶಾಲೆಯಲ್ಲಿ ಮಕ್ಕಳು ಇದೇ ಕಥೆಯನ್ನು ನಾನು ಯೋಚಿಸದ ದಾರಿಗೆ ಒಯ್ದರು. "ಮೇಡಂಗೆ ಮದುವೆ ವಿಷಯ ಮೊದ್ಲೇ ಗೊತ್ತಿತ್ತಲ್ಲ ಸಾರ್, ಪರೀಕ್ಷೆ ದಿನದವರೆಗೂ ಯಾಕೆ ಸುಮ್ನಿದ್ರು?" ಆ ಪ್ರಶ್ನೆ ಕೇಳಿದವಳು ಎಂಟನೇ ತರಗತಿಯವಳು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಮಾತು ಶುರುವಾದರೆ ಒಂದಲ್ಲ ಒಂದು ದಿನ ಒಂದು ಮಗು ತರಗತಿ ಮುಗಿದ ಮೇಲೆ ಬಂದು ನಿಲ್ಲುತ್ತದೆ. "ಮೇಡಂ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅನ್ನುತ್ತದೆ. ಆಣೆ ಮಾಡಬೇಡಿ. "ನಿನಗೆ ಒಳ್ಳೇದಾಗಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸೇ ಹೇಳ್ತೀನಿ" ಅನ್ನಿ. ಹದಿನೆಂಟು ತುಂಬದ ಹುಡುಗಿಯ ಮದುವೆ ನಿಶ್ಚಯವಾಗಿದ್ದರೆ, ಯಾರಾದರೂ ಮೈ ಮುಟ್ಟಿ ಹಿಂಸೆ ಕೊಡುತ್ತಿದ್ದರೆ, ಅದು ಚರ್ಚೆಯ ವಿಷಯವಲ್ಲ. 1098 ಮಕ್ಕಳ ಸಹಾಯವಾಣಿ. 2012ರ ಪೋಕ್ಸೋ ಕಾಯ್ದೆಯಡಿ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ದೂರು ಕೊಡಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಬಾಲ್ಯವಿವಾಹಕ್ಕೆ ನಮ್ಮ ರಾಜ್ಯದ ತಿದ್ದುಪಡಿ ಇನ್ನೂ ಬಿಗಿ: ಅಂಥ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಚರ್ಚೆ ಶುರು ಮಾಡುವ ಮೊದಲೇ ನಿಮ್ಮ ಮುಖ್ಯ ಶಿಕ್ಷಕರ ಜೊತೆ ಇದನ್ನು ಮಾತಾಡಿಕೊಂಡಿರಿ.

ಇನ್ನು ಊರು. ನಿಮ್ಮ ಭಯ ಸುಳ್ಳಲ್ಲ. ನನ್ನಿಂದಾದ ಒಂದು ತಪ್ಪು ಹೇಳುತ್ತೇನೆ. ದಾವಣಗೆರೆ ಕಡೆ, ಭದ್ರಾ ನಾಲೆಯ ಅಚ್ಚುಕಟ್ಟಿನ ಒಂದು ಊರು. ಮೇಲಿನವರು ನಾಲೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ, ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ ಅನ್ನುವ ದೂರು ಅಲ್ಲಿ ಪ್ರತಿ ಬೇಸಿಗೆಯದು. ನಾನು ಉತ್ಸಾಹದಲ್ಲಿ ಮೊದಲ ಸಭೆಗೇ ಅದನ್ನು ತೆಗೆದುಕೊಂಡೆ. "ನಾಲೆ ನೀರು ಕದಿಯೋದು ಸರಿನಾ?" ಅಂತ ಕೇಳಿದೆ. ಪ್ರಶ್ನೆಯ ಒಳಗೇ ತೀರ್ಪು ಇತ್ತು, 'ಕದಿಯೋದು' ಅಂದುಬಿಟ್ಟಿದ್ದೆ. ಎಲ್ಲರ ಕಣ್ಣೂ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನ ಮೇಲೆ ಹೋಯಿತು. ಅವನ ಅಪ್ಪನದೇ ಪಂಪ್‌ಸೆಟ್. ಅವನು ತಲೆ ತಗ್ಗಿಸಿ ಚಪ್ಪಲಿಯ ಉಂಗುಟ ಎಳೆಯುತ್ತಾ ಕೂತ. ಮಾರನೇ ದಿನ ಶಾಲೆಗೆ ಬರಲಿಲ್ಲ. ಒಂದು ವಾರ ಬರಲಿಲ್ಲ. ನಾನು ಮನೆಗೆ ಹೋದೆ, ಅವರಪ್ಪನ ಹತ್ತಿರ ಕ್ಷಮೆ ಕೇಳಿದೆ. ಆತ ಬೈಯಲಿಲ್ಲ. "ನಮ್ದೂ ಒಂದ್ ಮಾತಿದೆ, ಅದನ್ಯಾರೂ ಕೇಳಿಲ್ಲ" ಅಂದರು. ನೀರು ಯಾವಾಗ ಬರುತ್ತೆ, ಎಷ್ಟು ದಿನ ಇರುತ್ತೆ ಅನ್ನುವ ನಂಬಿಕೆಯೇ ಇಲ್ಲದಾಗ ಸಿಕ್ಕಾಗ ಎತ್ತಿಕೊಳ್ಳದೆ ಏನು ಮಾಡಲಿ ಅನ್ನುವುದು ಅವರ ಮಾತು. ಆ ಹುಡುಗ ಮತ್ತೆ ಶಾಲೆಗೆ ಬಂದ. ಆದರೆ ನನ್ನ ಎದುರು ಬಾಯಿ ಬಿಡಲಿಲ್ಲ, ಆ ವರ್ಷ ಪೂರ್ತಿ.

ಅವತ್ತಿನಿಂದ ಊರಿನ ಸಭೆಗೆ ನಾನು ತಣ್ಣಗಿನ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಎಲ್ಲರಿಗೂ ಅಭಿಪ್ರಾಯ ಇರಬೇಕು, ಯಾರ ಮನೆಯ ಕಡೆಗೂ ಕಣ್ಣು ಹೋಗಬಾರದು. ನಿಮ್ಮ ಕಡೆ ಶೇಂಗಾ ಬೆಳೆಯುವ ಊರುಗಳಿಗೆ ಹೇಳಿ ಮಾಡಿಸಿದ ಪ್ರಶ್ನೆ ಒಂದಿದೆ. ಹಕ್ಕಲು. ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿ ಯಾರದು?

ಇದಕ್ಕೆ ನಾನು ಮೊದಲು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತೇನೆ. ಹಿರಿಯರಿಗೆ ಗೊತ್ತಿರುವ ಕಥೆ, ಹಾಗಾಗಿ ಕಿವಿ ಕೊಡುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವರ ದುಡಿಮೆ. ಒಂದು ದಿನ ಮಾಮೂಲಿಗಿಂತ ಜಾಸ್ತಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಜಾಸ್ತಿ ಇದ್ದದ್ದನ್ನು ವಾಪಸ್ ಸುರಿದು ಬಾ ಅಂದಳು. ಅವನು ಕದ್ದಿರಲಿಲ್ಲ, ನೆಲದ ಮೇಲೆ ಬಿದ್ದಿದ್ದೇ ತಂದದ್ದು. ಹಾಗಿದ್ದರೆ ಅವಳು ವಾಪಸ್ ಕಳಿಸಿದ್ದು ಯಾಕೆ? ಇಷ್ಟು ಕೇಳಿ ಹಕ್ಕಲಿಗೆ ಬರುತ್ತೇನೆ.

ಒಂದು ಊರಿನಲ್ಲಿ ಈ ಸಭೆ ನಡೆದ ಸಂಜೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಡೇರಿಗೆ ಹಾಲು ಹಾಕಿದ ಕ್ಯಾನ್ ಪಕ್ಕದಲ್ಲೇ ಇಟ್ಟುಕೊಂಡು ಜನ ಕೂತಿದ್ದರು. ಒಬ್ಬ ಅಜ್ಜಿ, ಕೂಲಿ ಮಾಡಿಯೇ ಬದುಕಿದವರು, ಮೊದಲು ಮಾತಾಡಿದರು. "ನಮ್ ಕಾಲ್ದಾಗೆ ಹೊಲದೋರೇ ಕರದು ಆಯ್ಕಳ್ರಿ ಅಂತಿದ್ರು. ಹಕ್ಕಲು ಬಿಡೋದು ಅವರ ಧರ್ಮ. ಈಗ ಅವರೇ ಇನ್ನೊಂದ್ ಸತಿ ಕುಂಟೆ ಹೊಡ್ದು ಆಯಿಸ್ತಾರೆ." ಹೊಲದವರೊಬ್ಬರು ಸುಮ್ಮನಿರಲಿಲ್ಲ. "ಅವ್ವಾ, ಬೀಜಕ್ಕೆ ಎಷ್ಟು ಹಾಕಿದೀನಿ ಗೊತ್ತಾ? ಮಳೆ ಕೈಕೊಟ್ಟ ವರ್ಷ ನನಗೆ ಉಳಿಯೋದೇ ಹಕ್ಕಲು." ಇಬ್ಬರೂ ಸಿಟ್ಟಾಗಿರಲಿಲ್ಲ. ಇಬ್ಬರದೂ ನಿಜ. ಮಕ್ಕಳು ಮಧ್ಯೆ ಕೂತು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು. ದೊಡ್ಡವರು ಕೂಗಾಡದೆ ಭಿನ್ನಾಭಿಪ್ರಾಯ ಇಟ್ಟುಕೊಳ್ಳುವುದನ್ನು ಅವರು ನೋಡಿದ್ದೇ ಕಡಿಮೆ ಅಲ್ವಾ? ಒಬ್ಬ ಹುಡುಗ ಕೇಳಿದ: "ಹಕ್ಕಲು ಧರ್ಮನಾ, ಹಕ್ಕಾ?" ಪದದಲ್ಲೇ ಪ್ರಶ್ನೆ ಹುಟ್ಟಿಸಿಕೊಂಡಿದ್ದ. ಕೊಡುವವರ ದೊಡ್ಡತನವೋ, ದುಡಿದವರ ಪಾಲೋ? ಕತ್ತಲಾಗುವವರೆಗೂ ಮಾತು ಅದರ ಮೇಲೇ ನಡೆಯಿತು.

ಇಂಥ ಎರಡು ಮೂರು ಸಭೆ ಆದ ಮೇಲೆ ಬಿಸಿ ಪ್ರಶ್ನೆಗೆ ಕೈ ಹಾಕಬಹುದು. ನಿಮ್ಮ ಕಡೆ ಅದು ಬೋರ್‌ವೆಲ್. ನನ್ನ ಹೊಲ, ನನ್ನ ದುಡ್ಡು, ನಾನು ಎಷ್ಟು ಆಳ ಬೇಕಾದರೂ ಕೊರೆಸುತ್ತೇನೆ. ಸರಿ. ಆದರೆ ಪಕ್ಕದವನ ಬೋರ್ ಅದರಿಂದ ಬತ್ತಿದರೆ? ಅಂತರ್ಜಲದ ಬಗ್ಗೆ 2011ರ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಅನುಮತಿ ಬೇಕು. ಆದರೆ ಕಾಯ್ದೆ ಹೇಳಿ ಮಾತು ಮುಗಿಸಬೇಡಿ. ಭೂಮಿಯ ಕೆಳಗಿನ ನೀರಿಗೆ ಬದು ಹಾಕಲು ಆಗುತ್ತದಾ ಅಂತ ಕೇಳಿ. ಮಕ್ಕಳು ವಾರ ಮೊದಲೇ ಮನೆಮನೆಗೆ ಹೋಗಿ ಅಜ್ಜಂದಿರ ಹತ್ತಿರ ಕೇಳಿಕೊಂಡು ಬರಲಿ: ತೆರೆದ ಬಾವಿ ಎಷ್ಟು ಅಡಿ ಇತ್ತು, ಯಾವ ವರ್ಷ ಬತ್ತಿತು, ಮೊದಲ ಬೋರ್ ಎಷ್ಟು ಅಡಿ, ಈಗಿನದು ಎಷ್ಟು. ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಲಿ. ಹೆಸರು ಬೇಡ, ಅಡಿ ಮಾತ್ರ. ಕಟ್ಟೆಯ ಮೇಲೆ ಕೂತವರು ಆ ಚಾರ್ಟ್ ಕಡೆ ನೋಡಿ ಮಾತಾಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿ ಅಲ್ಲ. ಜಗಳ ತಪ್ಪಿಸಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ.

ಜಾಗದ ಬಗ್ಗೆ ತುಂಬಾ ಯೋಚಿಸಿ. ವೇದಿಕೆ, ಮೈಕು, ಮುಖ್ಯ ಅತಿಥಿ, ಹಾರ-ತುರಾಯಿ ಬಂದರೆ ಭಾಷಣ ಆಗುತ್ತದೆ. ದೇವಸ್ಥಾನದ ಒಳಗೆ ಇಟ್ಟರೆ ಕೆಲವರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಯಾರದೋ ಮನೆಯ ಜಗಲಿಯಾದರೆ ಇನ್ನು ಕೆಲವರು ಬರುವುದೇ ಇಲ್ಲ. ಶಾಲೆಯ ಅಂಗಳ, ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಅಂಗನವಾಡಿ, ಇವು ಎಲ್ಲರ ಜಾಗ. ಗುಂಡಾಗಿ ಕೂರಿಸಿ, ಕೇರಿಗಳು ಬೇರೆಬೇರೆ ಗುಂಪಾಗದ ಹಾಗೆ ಮಕ್ಕಳ ಕೈಯಲ್ಲೇ ಜಾಗ ತೋರಿಸಿ. ಚಹಾ ಕೊಡುವುದಾದರೆ ಎಲ್ಲರಿಗೂ ಒಂದೇ ತರದ ಲೋಟ, ಒಂದೇ ತಟ್ಟೆಯಿಂದ. ಇದು ಸಣ್ಣ ವಿಷಯ ಅಲ್ಲ. ಆ ಲೋಟವೇ ಆ ಸಂಜೆಯ ಮೊದಲ ಮಾತು. ಯಾರಾದರೂ "ನನಗೆ ಚಹಾ ಬೇಡ" ಅಂದರೆ ಬಲವಂತ ಬೇಡ, ಲೋಟ ಬದಲಿಸುವುದೂ ಬೇಡ.

ಹೆಂಗಸರನ್ನು 'ಕರೆಯುತ್ತೇವೆ' ಅಂದರೆ ಬರುವುದಿಲ್ಲ. ನೀವೇ ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ. ಕಂತು ಕಟ್ಟಿ ಮುಗಿದ ಮೇಲಿನ ಅರ್ಧ ಗಂಟೆ ಕೇಳಿ. ಅಲ್ಲಿ ಬರುವ ಮಾತು ಕಟ್ಟೆಯಲ್ಲಿ ಬರುವುದೇ ಇಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷರಿಗೆ ಮೊದಲೇ ಹೇಳಿ, ಅವರ ಒಪ್ಪಿಗೆ ಇದ್ದರೆ ಅರ್ಧ ಆತಂಕ ಕಡಿಮೆ. ಮಕ್ಕಳ ಗ್ರಾಮಸಭೆ ಪ್ರತಿವರ್ಷ ನಡೆಯಬೇಕು, ಅನೇಕ ಕಡೆ ಅದು ಫೋಟೊಗೆ ಮುಗಿಯುತ್ತದೆ. ನಿಮ್ಮ ಮಕ್ಕಳು ಬೋರ್‌ವೆಲ್ ಚಾರ್ಟ್ ಹಿಡಿದುಕೊಂಡು ಹೋದರೆ ಹಾಗಾಗುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಪದ್ಧತಿ ಇನ್ನೂ ಇದೆ. ಅಲ್ಲಿಂದ ಬರುವ ಹುಡುಗಿಯರು ನಿಮ್ಮ ತರಗತಿಯಲ್ಲೇ ಇರಬಹುದು. ಇದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಇದನ್ನು ಎಲ್ಲರ ಎದುರು 'ಉದಾಹರಣೆ' ಮಾಡಿದರೆ ಆ ಹುಡುಗಿಯರು ಎರಡು ಸಲ ಹೊರಗಾಗುತ್ತಾರೆ, ಹಟ್ಟಿಯಿಂದ ಒಮ್ಮೆ, ತರಗತಿಯಿಂದ ಒಮ್ಮೆ. ಎಲ್ಲಾ ಮನೆಗಳಲ್ಲೂ ಇರುವುದರಿಂದ ಶುರು ಮಾಡಿ. ಮುಟ್ಟಿನ ದಿನ ಅಡುಗೆಮನೆಗೆ ಬರಬೇಡ, ದೇವರಕೋಣೆಗೆ ಬರಬೇಡ ಅನ್ನುವುದು ಯಾವ ಮನೆಯಲ್ಲಿಲ್ಲ? ಹುಡುಗಿಯರ ಜೊತೆ ಮಾತ್ರ ಕೂತು ಮೊದಲು ಮಾತಾಡಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಮುಂದಿನ ಹೆಜ್ಜೆ ಯಾವಾಗ ಅಂತ ಆ ಹುಡುಗಿಯರೇ ಹೇಳಲಿ. ಅದಕ್ಕೆ ಒಂದು ವರ್ಷ ಹಿಡಿದರೂ ಕಾಯಿರಿ.

ಸಿಲಬಸ್ ವಿಷಯ. ಮುಖ್ಯ ಶಿಕ್ಷಕರ ಮೇಲೆ ನನಗೆ ಬೇಸರವಿಲ್ಲ, ಅವರ ಮೇಲೂ ಒತ್ತಡ ಇದೆ. ಹದಿನೈದು ದಿನಕ್ಕೊಮ್ಮೆ ಒಂದೇ ಪೀರಿಯಡ್ ಕೇಳಿ. ಅದು ಹೇಗೂ ಮೌಲ್ಯ ಶಿಕ್ಷಣದ್ದೇ. ಅಶೋಕ ನಿಮ್ಮ ಪಾಠದಲ್ಲೇ ಇದ್ದಾನೆ. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳೂ ಪಾಠದಲ್ಲಿವೆ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಅಂತ 1976ರಿಂದ ಬರೆದಿಟ್ಟಿದ್ದೇವೆ. ಮೊದಲ ಸಲ ಮುಖ್ಯ ಶಿಕ್ಷಕರನ್ನೇ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. ಮಾತಾಡಬಾರದು, ಕೇಳಬೇಕು ಅಷ್ಟೇ ಅಂತ ಮೊದಲೇ ವಿನಂತಿಸಿಕೊಳ್ಳಿ.

ಮಳೆಗಾಲ ಮುಗಿದ ಮೇಲೆ ಮಕ್ಕಳನ್ನು ಬ್ರಹ್ಮಗಿರಿಗೇ ಕರೆದುಕೊಂಡು ಹೋಗಿ. ಬೆಳಿಗ್ಗೆ ಎಂಟಕ್ಕೆಲ್ಲಾ ಅಲ್ಲಿರಿ, ಹತ್ತು ಗಂಟೆಯಾದರೆ ಬಂಡೆ ಕಾದು ಕೂರಲು ಆಗುವುದಿಲ್ಲ. ಶಾಸನದ ಕನ್ನಡ ಅನುವಾದವನ್ನು ಒಬ್ಬ ಹುಡುಗಿ ಜೋರಾಗಿ ಓದಲಿ. ಆಮೇಲೆ ಎಲ್ಲ ಮಕ್ಕಳೂ ಒಂದೊಂದು ಚೀಟಿಯಲ್ಲಿ, ಹೆಸರು ಹಾಕದೆ, ನಮ್ಮೂರಿನ ಬಂಡೆಗೆ ತಾವು ಬರೆಯುವ ಒಂದು ಸಾಲು ಬರೆಯಲಿ. ಚೀಟಿಗಳನ್ನು ಅಲ್ಲೇ ಓದಬೇಡಿ, ಜೋಪಾನವಾಗಿ ತಂದಿಟ್ಟುಕೊಳ್ಳಿ. ಮುಂದಿನ ಆರು ತಿಂಗಳಿಗೆ ಬೇಕಾಗುವ ಪ್ರಶ್ನೆಗಳೆಲ್ಲಾ ಅದರಲ್ಲೇ ಸಿಗುತ್ತವೆ.